ಹಳೇ ಯುದ್ಧದ ಪ್ರಚಾರ ಕಾರ್ಟೂನ್‌ಗಳನ್ನ ಜೋಡಿ ಮಾಡ್ಕೊಂಡು ನೋಡೋದು ಹೇಗೆ

ಎರಡನೇ ಮಹಾಯುದ್ಧದ ಟೈಮಲ್ಲಿ ಮಾಡಿದ ಕಾರ್ಟೂನ್ ಒಂದನ್ನ ಸುಮ್ನೆ ಹಾಕ್ಕೊಂಡು ಕೂತ್ರೆ ಎರಡರಲ್ಲಿ ಒಂದಾಗುತ್ತೆ. ಹೊಟ್ಟೆ ಹುಣ್ಣಾಗೋ ಥರ ನಕ್ಕು ಅಲ್ಲಿಗೇ ಮರೆತುಬಿಡ್ತೀರ, ಇಲ್ಲಾಂದ್ರೆ ಎರಡೇ ನಿಮಿಷಕ್ಕೆ ಛೀ ಇದೇನಿದು ಅಂತ ಆಫ್ ಮಾಡ್ತೀರ. ನಂಗೆ ಎರಡೂ ಆಗಿದೆ. ಆಮೇಲೆ ಕಂಡ್ಕೊಂಡಿದ್ದು ಏನಂದ್ರೆ ಇವನ್ನ ಒಂಟಿಯಾಗಿ ನೋಡ್ಲೇಬಾರ್ದು, ಎದುರು ಪಾಳಯದವರು ಮಾಡಿದ್ದನ್ನೂ ಪಕ್ಕದಲ್ಲಿಟ್ಕೊಂಡು ನೋಡ್ಬೇಕು. ಆಗ ಗೊಂಬೆ ಆಡಿಸೋರ ದಾರ ಕಣ್ಣಿಗೆ ಬೀಳುತ್ತೆ.

ಶುರು ಮಾಡೋಕೆ ಮುಂಚೆ ಒಂದು ಚೀಟೀಲಿ ಮೂರು ವಿಷಯ ಬರ್ಕೊಳ್ಳಿ: ಯಾವ ವರ್ಷ, ದುಡ್ಡು ಯಾರದ್ದು, ತೋರಿಸಿದ್ದು ಯಾರಿಗೆ. ಸಣ್ಣದು ಅನ್ಸುತ್ತೆ, ಆದ್ರೆ ಅರ್ಧ ಗುಟ್ಟು ಇಲ್ಲೇ ಇದೆ. 1942ರಲ್ಲಿ ಡಿಸ್ನಿಯವರ ಡೊನಾಲ್ಡ್ ಡಕ್ ಖುಷಿಖುಷಿಯಾಗಿ ಇನ್‌ಕಮ್ ಟ್ಯಾಕ್ಸ್ ಕಟ್ಟೋಕೆ ಓಡ್ತಾನೆ, ಯಾಕಪ್ಪ ಅಂದ್ರೆ ಅದನ್ನ ಮಾಡಿಸಿದ್ದೇ ಅಮೆರಿಕದ ಖಜಾನೆ ಇಲಾಖೆ. ಅದೇ ಪ್ರೈವೇಟ್ ಸ್ನಾಫು ಅನ್ನೋ ಪೆದ್ದ ಸಿಪಾಯಿಯ ಸೀರೀಸ್ (1943ರಿಂದ 45) ಥಿಯೇಟರ್‌ಗೆ ಮಾಡಿದ್ದಲ್ಲ, ಬರೀ ಸೈನಿಕರಿಗೆ. ಅದಕ್ಕೇ ಅದರಲ್ಲಿ ಪೋಲಿ ಜೋಕುಗಳು ಧಾರಾಳವಾಗಿವೆ, ಸೊಳ್ಳೆ ಪರದೆ ಕಟ್ಕೋ, ಗುಟ್ಟು ಬಾಯ್ಬಿಡಬೇಡ ಅನ್ನೋ ಪಾಠಗಳ ಮಧ್ಯೆ. ವರ್ಷ ಯಾಕೆ ಬೇಕು ಅಂದ್ರೆ, ಮೊದಲನೇ ಮಹಾಯುದ್ಧದ್ದೊಂದು ಉದಾಹರಣೆ ನೋಡಿ, ಜರ್ಮನ್ ಸಬ್‌ಮರೀನ್ ದಾಳಿಗೆ ಬ್ರಿಟನ್ನಿನ ಪ್ರಯಾಣಿಕರ ಹಡಗು ಲುಸಿಟಾನಿಯಾ ಮುಳುಗಿದ್ದು 1915ರ ಮೇ ತಿಂಗಳಲ್ಲಿ, ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ಅದರ ಬಗ್ಗೆ ಮಾಡಿದ ಕಾರ್ಟೂನ್ ಹೊರಗೆ ಬಂದಿದ್ದು 1918ರಲ್ಲಿ, ಅಷ್ಟೊತ್ತಿಗೆ ಅಮೆರಿಕ ಯುದ್ಧಕ್ಕೆ ಇಳಿದಾಗಿತ್ತು. ನೋಡ್ತಾ ಇದ್ರೆ ನಿನ್ನೆ ಮೊನ್ನೆ ಮುಳುಗಿದ ಹಡಗು ಅನ್ಸುತ್ತೆ, ಅದೇ ಅದರ ಕೈಚಳಕ.

ಈಗ ಮೊದಲನೇ ಜೋಡಿ. ಒಂದು ಕಡೆ 1943ರ ಜನವರೀಲಿ ಬಂದ 'ದೆರ್ ಫ್ಯೂರರ್ಸ್ ಫೇಸ್', ಆಸ್ಕರ್ ಗೆದ್ದಿದ್ದು. ಡೊನಾಲ್ಡ್ ಹಿಟ್ಲರನ ದೇಶದಲ್ಲಿ ಏಳ್ತಾನೆ, ಒಂದೇ ಒಂದು ಕಾಫಿ ಬೀಜನ ದಾರಕ್ಕೆ ಕಟ್ಟಿ ನೀರಲ್ಲಿ ಅದ್ದಿ ತೆಗೀತಾನೆ, ಬ್ರೆಡ್ ಎಷ್ಟು ಗಟ್ಟಿ ಅಂದ್ರೆ ಗರಗಸದಲ್ಲಿ ಕುಯ್ಯಬೇಕು, ಆಮೇಲೆ ಫ್ಯಾಕ್ಟರೀಲಿ ಶೆಲ್ ಬಿಗಿ ಮಾಡ್ತಾ ಮಾಡ್ತಾ ನಡುನಡುವೆ ಬರೋ ಹಿಟ್ಲರನ ಫೋಟೋಗಳಿಗೆಲ್ಲ ಸೆಲ್ಯೂಟ್ ಹೊಡೆದು ಹೊಡೆದು ತಲೆ ಕೆಟ್ಟು ಹೋಗುತ್ತೆ. ಇನ್ನೊಂದು ಕಡೆ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಲ್ಲಿ 1944ರಲ್ಲಿ ಮಾಡಿದ 'ನಿಂಬುಸ್ ಲಿಬೆರೆ', ಎರಡು ಮೂರು ನಿಮಿಷದ್ದು ಅಷ್ಟೆ. ಅದರಲ್ಲಿ ಒಂದು ಫ್ರೆಂಚ್ ಮನೆಯವರು ಲಂಡನ್ ರೇಡಿಯೋ ಕೇಳ್ಕೊಂಡು ಬಿಡುಗಡೆ ಬಂತು ಅಂತ ಕಾಯ್ತಿದ್ರೆ, ಮೇಲೆ ಬಾಂಬರ್ ವಿಮಾನ ಓಡಿಸ್ಕೊಂಡು ಬರ್ತಿರೋದು ಯಾರು? ಮಿಕ್ಕಿ, ಪೊಪಾಯ್, ಜೊತೆಗೆ ನಮ್ಮ ಇದೇ ಡೊನಾಲ್ಡ್! ಮನೆ ನೆಲಸಮ. ಒಂದೇ ಬಾತುಕೋಳಿ, ಒಂದರಲ್ಲಿ ಬಡಪಾಯಿ, ಒಂದರಲ್ಲಿ ಯಮದೂತ. ಸುಳ್ಳಿನ ಒಳಗೆ ನಿಜಾನೂ ಇದೆ ಅನ್ನೋದು ಇಲ್ಲಿ ಮುಖ್ಯ, ಮಿತ್ರಪಡೆಯ ಬಾಂಬಿಗೆ ಫ್ರೆಂಚ್ ಜನ ಸತ್ತಿದ್ದು ಹೌದು, ಆದ್ರೆ ಆ ಕಾರ್ಟೂನ್ ಜರ್ಮನ್ನರು ಅಲ್ಲಿ ಯಾಕಿದ್ದಾರೆ ಅಂತ ಮಾತ್ರ ಬಾಯಿ ಬಿಡಲ್ಲ. ಪ್ರಚಾರ ಅಂದ್ರೆ ಬರೀ ಸುಳ್ಳು ಅಂದ್ಕೊಂಡು ನೋಡೋಕೆ ಕೂತ್ರೆ ಇಂಥದ್ದು ತಪ್ಪಿಸ್ಕೊಂಡು ಹೋಗುತ್ತೆ, ಏನು ತೋರಿಸಿಲ್ಲ ಅಂತ ಹುಡುಕಿ.

ಪ್ರತಿಯೊಂದನ್ನೂ ಎರಡು ಸಲ ನೋಡಿ. ಮೊದಲ ಸಲ ಆರಾಮಾಗಿ ನೋಡಿ, ನಗು ಬಂದ್ರೆ ನಗಿ, ಆದ್ರೆ ನಕ್ಕ ಕಡೆ ಪೆನ್ನಲ್ಲಿ ಒಂದು ಗೀಟು ಹಾಕಿ. ಎರಡನೇ ಸಲ ಸೌಂಡ್ ಮ್ಯೂಟ್ ಮಾಡಿ. ಹಾಡು ಬ್ಯಾಂಡು ಎಲ್ಲ ಹೋದ್ಮೇಲೆ ಬರೀ ಗೆರೆ ಉಳಿಯುತ್ತೆ, ಆಗ ನೀವು ಗೀಟು ಹಾಕಿದ ಜಾಗದಲ್ಲಿ ನಕ್ಕಿದ್ದು ಯಾರನ್ನ ನೋಡಿ ಅಂತ ಗೊತ್ತಾಗುತ್ತೆ. 'ದೆರ್ ಫ್ಯೂರರ್ಸ್ ಫೇಸ್'ನಲ್ಲೇ ವಾದ್ಯ ಬಾರಿಸ್ಕೊಂಡು ಬರೋ ಬ್ಯಾಂಡ್ ನೋಡಿ, ಹಿಟ್ಲರನ ಆಪ್ತ ಗೋರಿಂಗ್ ಅಂದ್ರೆ ಗೋರಿಂಗ್, ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಅಂದ್ರೆ ಮುಸೊಲಿನಿ, ಅವರವರ ಮುಖಾನೇ ಎಳೆದು ಬಗ್ಗಿಸಿದ್ದಾರೆ. ಜಪಾನಿಯವನು ಬಂದಾಗ ಮಾತ್ರ ಹಲ್ಲುಬ್ಬು, ಕನ್ನಡಕ, ಮುಗೀತು.

ಇದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ: ನಾಯಕನ್ನ ಆಡ್ಕೊಳ್ತಿದ್ದಾರಾ, ಇಡೀ ಜನಾಂಗನ ಒಂದೇ ತಕ್ಕಡೀಲಿ ಹಾಕ್ತಿದ್ದಾರಾ? ಇದಕ್ಕೆ ಎರಡನೇ ಜೋಡಿ, ಎರಡೂ ಅಮೆರಿಕದ್ದೇ. 1943ರ 'ಎಜುಕೇಶನ್ ಫಾರ್ ಡೆತ್'ನಲ್ಲಿ ಹಾನ್ಸ್ ಅನ್ನೋ ಜರ್ಮನ್ ಹುಡುಗ ಇದ್ದಾನೆ, ನರಿ ತಿಂದ ಮೊಲದ ಬಗ್ಗೆ ಪಾಪ ಅಂದಿದ್ದಕ್ಕೆ ಮೇಷ್ಟ್ರು ಮೂಲೆಗೆ ಕೂರಿಸ್ತಾರೆ, ಕೊನೆಗೆ ಅವನೂ ಮೊಲನ ದ್ವೇಷ ಮಾಡೋಕೆ ಕಲೀತಾನೆ. ನೋಡೋರಿಗೆ ಹೊಟ್ಟೆ ಚುರುಕ್ ಅನ್ನುತ್ತೆ. ಜರ್ಮನ್ ಮಗುಗೆ ಒಂದು ಹೆಸರು, ಒಂದು ಮನಸ್ಸು ಕೊಟ್ಟಿದ್ದಾರೆ. 1944ರಲ್ಲಿ ಬಗ್ಸ್ ಬನ್ನಿ ಜಪಾನಿ ಸೈನಿಕರಿಗೆ ಗ್ರೆನೇಡ್ ಅಡಗಿಸಿದ ಐಸ್‌ಕ್ರೀಮ್ ಹಂಚೋ ಕಾರ್ಟೂನ್ ಹಾಕಿ ನೋಡಿ, ಅಲ್ಲಿ ಯಾರಿಗೂ ಹೆಸರಿಲ್ಲ, ಬೈಗುಳ ಮಾತ್ರ ಇದೆ. ಇದು ತೆರೆ ಮೇಲಷ್ಟೇ ನಿಂತ ವಿಷಯ ಅಲ್ಲ, ಡಾಕ್ಟರ್ ಸ್ಯೂಸ್ ಅಂತ ಆಮೇಲೆ ಮಕ್ಕಳ ಪುಸ್ತಕಕ್ಕೆ ಲೋಕಪ್ರಸಿದ್ಧರಾದ ಥಿಯೋಡರ್ ಗೈಸೆಲ್ 1942ರ ಫೆಬ್ರವರಿ 13ಕ್ಕೆ ಒಂದು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದ್ರು, ಅಮೆರಿಕದಲ್ಲೇ ಇದ್ದ ಜಪಾನಿ ಮೂಲದವರು ಸಾಲಾಗಿ ನಿಂತು ಸ್ಫೋಟಕ ತಗೊಂಡು ಹೋಗ್ತಿರೋ ಹಾಗೆ. ಆರೇ ದಿನಕ್ಕೆ ಅಧ್ಯಕ್ಷರ ಆದೇಶ ಬಂತು, ಜಪಾನಿ ಮೂಲದ ಸುಮಾರು 1,20,000 ಜನ ಬಲವಂತಕ್ಕೆ ಮನೆ ಮಠ ಬಿಟ್ಟು ಕ್ಯಾಂಪ್ ಸೇರಿದ್ರು. ಆ ಚಿತ್ರದಿಂದಲೇ ಆದೇಶ ಬಂತು ಅಂತ ಹೇಳ್ತಿಲ್ಲ, ಎರಡಕ್ಕೂ ಗಾಳಿ ಒಂದೇ ಇತ್ತು ಅಂತ ಅಷ್ಟೆ. ಅದೇ ಗೈಸೆಲ್ 1954ರಲ್ಲಿ ಒಂದು ಪುಸ್ತಕನ ಜಪಾನಿನ ಕ್ಯೋಟೋದ ಗೆಳೆಯರೊಬ್ಬರಿಗೆ ಅರ್ಪಿಸಿದ್ರು. ಹಾಗಾಗಿ ಆ ಕಾಲ ಹಾಗಿತ್ತು ಬಿಡ್ರಿ ಅಂತ ಯಾರಾದ್ರೂ ಅಂದ್ರೆ ನಂಗೆ ಸ್ವಲ್ಪ ಸಿಟ್ಟು ಬರುತ್ತೆ, ಅದೇ ಕಾಲದಲ್ಲಿ ಹಾನ್ಸ್‌ನ ಮನುಷ್ಯನಾಗಿ ಬರೆಯೋಕೆ ಬಂತಲ್ಲ?

ಹಾಗಂತ ಇವನ್ನೆಲ್ಲ ಸುಟ್ಟುಹಾಕಿ ಅನ್ನೋರ ಜೊತೇನೂ ನಾನಿಲ್ಲ. ಡಿಸ್ನಿಯವರು 2004ರಲ್ಲಿ ತಮ್ಮ ಯುದ್ಧದ ಕಾರ್ಟೂನ್‌ಗಳನ್ನ ಡಿವಿಡಿ ಮಾಡಿ ಸಿನಿಮಾ ವಿಮರ್ಶಕ ಲಿಯೊನಾರ್ಡ್ ಮಾಲ್ಟಿನ್ ಅವರಿಂದ ಹಿನ್ನೆಲೆ ಹೇಳಿಸಿ ಕೊಟ್ರಲ್ಲ, ಅದು ಸರಿಯಾದ ಕ್ರಮ. ಸಿಕ್ಕಿದ ಕಡೆ ಅರ್ಧಂಬರ್ಧ ಕತ್ತರಿಸಿದ್ದು ನೋಡೋದಕ್ಕಿಂತ ಪೂರ್ತಿ ಇರೋದು ಹುಡುಕಿ. ಚಿಕ್ಕ ಮಕ್ಕಳ ಮುಂದೆ ಮಾತ್ರ ಬೇಡ, ಅವರಿಗೆ ಡೊನಾಲ್ಡ್ ಅಂದ್ರೆ ಡೊನಾಲ್ಡ್ ಅಷ್ಟೆ.

ಕೊನೆಗೆ ಇಟ್ಕೋಬೇಕಾದ್ದು ಜಪಾನಿನದ್ದು, 'ಮೊಮೊತಾರೋ: ಉಮಿ ನೋ ಶಿನ್‌ಪೇ', ನೌಕಾದಳ ಮಾಡಿಸಿದ 74 ನಿಮಿಷದ ಚಿತ್ರ, ನಿರ್ದೇಶನ ಮಿತ್ಸುಯೋ ಸೆಓ. ಅಲ್ಲಿ ಕೋತಿ, ಕರಡಿ, ನಾಯಿಮರಿಗಳೆಲ್ಲ ಸೈನಿಕರು, ತಲೆ ಮೇಲೆ ಕೊಂಬಿರೋರು ಬ್ರಿಟಿಷರು. ಅಮೆರಿಕದ್ದೆಲ್ಲ ನೋಡಿ ಮುಗಿಸಿದ್ಮೇಲೆ ಇದನ್ನ ಹಾಕಿದ್ರೆ ಮುದ್ದು ಪ್ರಾಣಿಗಳು ಕಾಡಿನ ಪ್ರಾಣಿಗಳಿಗೆ ಹಾಡು ಹೇಳ್ಕೊಂಡು ಜಪಾನಿ ಅಕ್ಷರ ಕಲಿಸೋ ಸೀನಲ್ಲಿ ನಿಮಗೇ ಗೊತ್ತಿಲ್ಲದ ಹಾಗೆ ತಲೆ ಆಡಿಸ್ತಿರ್ತೀರ, ಅಲ್ಲೂ ಒಂದು ಗೀಟು ಹಾಕಿ. ಕೊನೇ ಸೀನಲ್ಲಿ ಮರಿಗಳು ಪ್ಯಾರಾಶೂಟ್ ಆಟ ಆಡ್ತಾ ಮೇಲಿಂದ ಹಾರಿ ಇಳಿಯೋದು ನೆಲದ ಮೇಲೆ ಬರೆದ ಅಮೆರಿಕದ ಭೂಪಟದ ಮೇಲೆ. ಆಗ ನಿಮ್ಮ ಚೀಟಿ ತೆಗೆದು ತಾರೀಖು ನೋಡಿ: ಬಿಡುಗಡೆ ಆಗಿದ್ದು 1945ರ ಏಪ್ರಿಲ್ 12. ಅಮೆರಿಕದ ಸೈನ್ಯ ಜಪಾನಿನದ್ದೇ ಒಕಿನಾವಾ ದ್ವೀಪದಲ್ಲಿ ಇಳಿದು ಆಗಲೇ ಹನ್ನೊಂದು ದಿನ ಆಗಿತ್ತು.