ಅಜ್ಜನಿಗೆ ಎರಡೂ ಕಡೆ ಹರ್ನಿಯಾ, ನಾನು ಮಾಡಿದ ರೀತಿ

ಜಗಳೂರು ಕಡೆಯ ಅಜ್ಜ, 76 ವರ್ಷ. ಪಂಚೆ ಸಡಿಲಿಸಿದರೆ ಸೊಂಟದ ಸುತ್ತ ಹರ್ನಿಯಾ ಬೆಲ್ಟ್ ಒತ್ತಿ ಕಪ್ಪಗಾದ ಗೆರೆ. ಆರು ವರ್ಷ ಅದನ್ನೇ ಬಿಗಿದುಕೊಂಡು ಮೆಕ್ಕೆಜೋಳದ ಹೊಲಕ್ಕೆ ಓಡಾಡಿದ್ದರು. "ಈ ವಯಸ್ಸಲ್ಲಿ ಆಪರೇಷನ್ ಬ್ಯಾಡ್ರೀ ಸಾಹೇಬ್ರೆ" ಎಂದರು. ಆದರೆ ಹೊಟ್ಟೆಗೋಡೆಯ ಸಡಿಲ ಜಾಗದಿಂದ ಒಳಗಿನದು ಹೊರಚಾಚಿ ತೊಡೆಸಂದಿನ ಎರಡೂ ಕಡೆ ಊತ, ಬಲಗಡೆಯದು ಮಲಗಿದರೂ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಕರುಳು ಸಿಕ್ಕಿಹಾಕಿಕೊಂಡು ಮಧ್ಯರಾತ್ರಿ ದಾವಣಗೆರೆಗೆ ಹೊತ್ತು ತಂದಾಗ ಮಾಡುವ ಆಪರೇಷನ್ ಇದೆಯಲ್ಲ, ಈ ವಯಸ್ಸಿಗೆ ಅದೇ ಹೆಚ್ಚು ಅಪಾಯ.

ವಯಸ್ಸಿಗಿಂತ ನಾನು ಉಸಿರು ಜಾಸ್ತಿ ನೋಡುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ, ಕೆಮ್ಮಿದೆಯಾ, ಮೂತ್ರಕ್ಕೆ ತಿಣುಕಬೇಕಾ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರಾ. ಅಜ್ಜನಿಗೆ ಬೀಡಿ ಚಟ, ಮೂತ್ರ ತಡೆಯುವ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಎರಡೂ ಇತ್ತು. ಬೀಡಿ ಬಿಡಿಸಿ, ಪ್ರಾಸ್ಟೇಟಿಗೆ ಮಾತ್ರೆ ಕೊಟ್ಟು ಒಂದು ತಿಂಗಳು ಕಾದೆ. ನೋವು, ವಾಂತಿ ಬಂದರೆ ತಕ್ಷಣ ಬನ್ನಿ ಎಂದು ಮಗನಿಗೆ ಎರಡೆರಡು ಸಲ ಹೇಳಿದ್ದೆ.

ಎರಡೂ ಕಡೆ ಇದ್ದರೆ ನನಗೆ ಲ್ಯಾಪ್ರೋಸ್ಕೋಪಿಯೇ ಇಷ್ಟ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್. ಮೂರೇ ತೂತು: ಹೊಕ್ಕುಳ ಕೆಳಗೆ 10 ಮಿ.ಮೀ.ದು ಒಂದು, ಅದರ ಕೆಳಗೆ 5 ಮಿ.ಮೀ.ದು ಎರಡು. ಹೊಟ್ಟೆಯೊಳಗೆ ಇಳಿಯದೆ ಸ್ನಾಯುವಿಗೂ ಒಳಪೊರೆಗೂ ನಡುವೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿ ಜಾಗ ಮಾಡಿಕೊಳ್ಳುತ್ತೇವೆ. ಇದಕ್ಕೆ ಟೆಪ್ ಅಂತೀವಿ. ಅಜ್ಜನ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಬಲಗಡೆ ಹರ್ನಿಯಾದ ಚೀಲ ಬಿಡಿಸುವಾಗ ಹರಿಯಿತು. ಗ್ಯಾಸ್ ಹೊಟ್ಟೆಗೆ ನುಗ್ಗಿ, ನನ್ನ ಜಾಗ ಕಣ್ಣೆದುರೇ ಕುಗ್ಗಿತು. "ಕಾರ್ಬನ್ ಡೈಆಕ್ಸೈಡ್ ಏರ್ತಿದೆ" ಎಂದರು ಅರಿವಳಿಕೆ ಡಾಕ್ಟರ್. ಕೈ ನಿಲ್ಲಿಸಿದೆ. 12ರಲ್ಲಿದ್ದ ಗ್ಯಾಸ್ ಒತ್ತಡ 8ಕ್ಕೆ ಇಳಿಸಿ, ಎಡ ಪಕ್ಕೆಲುಬಿನ ಕೆಳಗೆ ಸೂಜಿ ಚುಚ್ಚಿ ಗ್ಯಾಸ್ ಹೊರಬಿಟ್ಟು, ಅವರು ಸರಿ ಎಂದ ಮೇಲೆಯೇ ಹರಿದ ಬಾಯಿಗೆ ದಾರದ ಕುಣಿಕೆ ಬಿಗಿದೆ. ಆಮೇಲೆ ಎರಡೂ ಕಡೆ 15×10 ಸೆಂ.ಮೀ. ಮೆಶ್, ಅಂದರೆ ಸಡಿಲ ಜಾಗ ಮುಚ್ಚುವ ಬಲೆ. ಕೊನೆಯಲ್ಲಿ ಗ್ಯಾಸ್ ಬಿಡುವಾಗ ಮೆಶ್‌ನ ಕೆಳ ಅಂಚು ಮೇಲೇಳದಂತೆ ಒತ್ತಿ ಹಿಡಿದು ನೋಡುತ್ತಲೇ ಇರಬೇಕು. ಅಂಚು ಮಡಚಿದರೆ ಹರ್ನಿಯಾ ಮತ್ತೆ ಬರಬಹುದು.

ಸಂಜೆ ಮೂತ್ರ ತಾನಾಗೇ ಹೋಯಿತು. ಪೈಪ್ ಹಾಕಬೇಕಾಗಲಿಲ್ಲ. ಆವತ್ತು ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅದೇ.

ಎಲ್ಲರಿಗೂ ಹೀಗೇ ಮಾಡುವುದಿಲ್ಲ. ಅದೇ ವಾರ ಇನ್ನೊಬ್ಬರು ಬಂದರು. ಒಂದೇ ಕಡೆ ಹರ್ನಿಯಾ, ಹೃದಯ ತುಂಬಾ ವೀಕು. ಪೂರ್ತಿ ಅರಿವಳಿಕೆ ಕೊಡಿಸಲು ಮನಸ್ಸಾಗಲಿಲ್ಲ. ಆ ಜಾಗ ಮಾತ್ರ ಮರಗಟ್ಟಿಸಿ, ತೆರೆದು ಮೆಶ್ ಹಾಕಿದೆ. "ತೂತಿನ ಆಪರೇಷನ್ ಯಾಕ್ ಮಾಡ್ಲಿಲ್ರೀ?" ಎಂದು ಮಗಳು ಕೇಳಿದರು. ಹೃದಯದ ಸ್ಕ್ಯಾನ್, ಅಂದರೆ ಎಕೋ ರಿಪೋರ್ಟ್ ಬಿಚ್ಚಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದೆ.