ಚಟ ಬಿಡುವ ಹೊತ್ತಿನಲ್ಲೇ ಡಿಗ್ರಿ ಕ್ರೆಡಿಟ್: ನಮ್ಮಲ್ಲಿ ಕೈಹಿಡಿದ ಕ್ರಮ

"ಮೊದಲು ಒಂದು ವರ್ಷ ಸುಮ್ಮನೆ ಮನೆಯಲ್ಲಿರಲಿ, ಓದು ಆಮೇಲೆ ನೋಡೋಣ." ಡೀ-ಅಡಿಕ್ಷನ್ ವಾರ್ಡ್‌ನಿಂದ ಹೊರಬರುವ ಹತ್ತೊಂಬತ್ತು-ಇಪ್ಪತ್ತರ ಹುಡುಗ ಹುಡುಗಿಯರ ಬಗ್ಗೆ ಮನೆಯವರು ಹೇಳುವ ಮಾತಿದು. ನಮ್ಮ ಜೊತೆಯ ಕೌನ್ಸೆಲರ್‌ಗಳಲ್ಲೂ ಅನೇಕರು ಹೀಗೇ ಅನ್ನುತ್ತಿದ್ದರು. ಆ ಖಾಲಿ ವರ್ಷವೇ ಅವರನ್ನು ಹಳೇ ಅಡ್ಡೆಗೆ ಮರಳಿ ಎಳೆಯುತ್ತದೆ ಎಂಬುದು ನನ್ನ ಅನುಭವ. ಡಿಟಾಕ್ಸ್ (ದೇಹದಿಂದ ನಶೆ ಇಳಿಸುವ ಚಿಕಿತ್ಸೆ) ಮುಗಿದು ನಿದ್ದೆ ಒಂದು ಹದಕ್ಕೆ ಬಂದ ಕೂಡಲೇ, ಡಿಗ್ರಿಯ ಲೆಕ್ಕಕ್ಕೆ ಸೇರುವ ಸಣ್ಣದೊಂದು ಕ್ರೆಡಿಟ್ ಕೋರ್ಸ್ ಹಿಡಿಸುವ ಪದ್ಧತಿ ಈಗ ನಮ್ಮಲ್ಲಿ ನೆಲೆ ನಿಂತಿದೆ. ಅಂದು ತಲೆ ಅಲ್ಲಾಡಿಸಿದವರೇ ಇಂದು ನೋಂದಣಿಗೆ ಕೊನೆಯ ದಿನ ಯಾವುದೆಂದು ಫೋನ್ ಮಾಡಿ ಕೇಳುತ್ತಾರೆ.

ನೇರವಾಗಿ ರೆಗ್ಯುಲರ್ ಕಾಲೇಜಿಗೆ ವಾಪಸ್ ಕಳಿಸುವ ದಾರಿ ಬಹಳ ಸಲ ಸೋತಿದೆ. ಅಲ್ಲಿ ಎಡವಿಸುವುದು ಪಾಠವಲ್ಲ, ಶೇ. 75ರ ಹಾಜರಾತಿ. ಒಂದು ಸ್ಲಿಪ್ (ಬಿಟ್ಟ ಚಟಕ್ಕೆ ಒಮ್ಮೆ ಜಾರುವುದು) ಆಗಿ ಹತ್ತು ಹದಿನೈದು ದಿನ ಮತ್ತೆ ಅಡ್ಮಿಟ್ ಆದರೆ, ಫಾಲೋ-ಅಪ್ ದಿನಗಳೂ ಸೇರಿ ಸೆಮಿಸ್ಟರ್ ಕೈಬಿಡುತ್ತದೆ, ಕಟ್ಟಿದ ಫೀಸೂ ಹೋಗುತ್ತದೆ. "ಹೇಗೂ ಎಲ್ಲಾ ಹೋಯ್ತಲ್ಲ" ಅನ್ನಿಸಿದ ಮೇಲೆ ಸ್ಲಿಪ್ ಪೂರ್ತಿ ರಿಲ್ಯಾಪ್ಸ್, ಅಂದರೆ ಹಳೇ ಚಟಕ್ಕೇ ವಾಪಸ್, ಆಗಲು ಹೆಚ್ಚು ದಿನ ಬೇಡ.

ಆದ್ದರಿಂದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ಸ್ವಯಂನಲ್ಲಿ ಐಐಟಿ, ಐಐಎಸ್‌ಸಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳಿಂದ ಶುರು ಮಾಡುತ್ತೇವೆ. ಅದರ ಅಂಕದ ಲೆಕ್ಕವೇ ನಮ್ಮ ಬಂಡವಾಳ. 12 ವಾರದ ಕೋರ್ಸ್‌ನಲ್ಲಿ 12 ಅಸೈನ್‌ಮೆಂಟ್ ಇದ್ದರೂ ಒಳ್ಳೆಯ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಅಂದರೆ ದೊಡ್ಡ ಕೋರ್ಸ್‌ನಲ್ಲಿ ನಾಲ್ಕು ವಾರ ಪೂರ್ತಿ ಕಳೆದುಹೋದರೂ ಹುಡುಗ ಇನ್ನೂ ಆಟದಲ್ಲಿರುತ್ತಾನೆ. ಇದನ್ನು ನೋಂದಣಿಯ ದಿನವೇ ಕಾಗದದ ಮೇಲೆ ಬರೆದು ತೋರಿಸಿ, ಅವನ ನೋಟ್‌ಬುಕ್ಕಿಗೇ ಅಂಟಿಸುತ್ತೇವೆ. ಅಸೈನ್‌ಮೆಂಟ್‌ಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪಾಸಾಗಲು 25ರಲ್ಲಿ 10, 75ರಲ್ಲಿ 30 ಎರಡೂ ಬೇಕು. ಅಸೈನ್‌ಮೆಂಟ್‌ನಲ್ಲಿ ಇಪ್ಪತ್ತರ ಮೇಲೆ ತೆಗೆದು ಪರೀಕ್ಷೆಯಲ್ಲಿ 28ಕ್ಕೆ ನಿಂತರೆ ಏನೂ ದಕ್ಕುವುದಿಲ್ಲ.

ಮೊದಲ ಸಲ ಒಂದೇ ಕೋರ್ಸ್, ಅದೂ 8 ವಾರದ್ದು, 2 ಕ್ರೆಡಿಟ್. ನಾಲ್ಕು ವಾರದ್ದು ಸುಲಭ ಅನ್ನಿಸುತ್ತದೆ, ಆದರೆ ಅದರಲ್ಲಿ ತಪ್ಪಿಸಿಕೊಳ್ಳಲು ಸಿಗುವುದು ಒಂದೇ ವಾರ. ಕುಡಿತ ಬಿಟ್ಟ ಮೊದಲ ಕೆಲವು ವಾರ ಗಮನ, ನೆನಪು ಎರಡೂ ಮಂದ. ತಿಂಗಳು ಕಳೆದಂತೆ ಏರುತ್ತವೆ. ಹಾಗಾಗಿ ದಿನಕ್ಕೆ ಅರ್ಧ ಗಂಟೆಯ ಒಂದು ವಿಡಿಯೋ, ಬೆಳಗಿನ ತಿಂಡಿಯ ನಂತರ. ಸಂಜೆ ಓದಿಸಿ ನೋಡಿದೆವು, ಕ್ರೇವಿಂಗ್ (ನಶೆಯ ತೀವ್ರ ಹಂಬಲ) ಏರುವ ಹೊತ್ತೂ ಅದೇ ಆದ್ದರಿಂದ ನಡೆಯಲಿಲ್ಲ. ಯಾವ ವಿಷಯದಿಂದ ಶುರು ಮಾಡಿಸುತ್ತೇವೆ ಎಂಬ ಪಟ್ಟಿ ನಮ್ಮಲ್ಲಿದೆ, ಅದನ್ನು ಇಲ್ಲಿ ಕೊಡುವುದಿಲ್ಲ. ಹುಡುಗನನ್ನು ಕೂರಿಸಿ ಮಾತಾಡಿಸದೆ ಅದು ಕೆಲಸಕ್ಕೆ ಬರುವುದಿಲ್ಲ.

ಫೋನ್ ವಿಚಾರ ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಳೇ ಸಂಪರ್ಕ ಕಡಿಯಲು ಸಿಮ್ ಮುರಿದು ಎಸೆಯುವುದು ಸರಿಯೇ. ಆದರೆ ಆಧಾರ್‌ಗೆ ಜೋಡಿಸಿದ ನಂಬರ್ ಅದೇ ಆಗಿದ್ದರೆ ಡಿಜಿಲಾಕರ್‌ಗೆ ಓಟಿಪಿ ಬರುವುದಿಲ್ಲ, ಗಳಿಸಿದ ಕ್ರೆಡಿಟ್ ಜಮೆಯಾಗುವ ಖಾತೆಯ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಎಬಿಸಿ ಐಡಿಯೂ ಆಗುವುದಿಲ್ಲ. ಮೊದಲು ಆಧಾರ್ ಕೇಂದ್ರದಲ್ಲಿ ಹೊಸ ನಂಬರ್ ಹಾಕಿಸಿ (ಎಪ್ಪತ್ತೈದು ರೂಪಾಯಿ), ಆಮೇಲೆ ಸಿಮ್ ಬಿಸಾಡಿ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕಾಲೇಜು ದಾಖಲೆ ಮೂರರಲ್ಲೂ ಹೆಸರು, ಇನಿಶಿಯಲ್ ಒಂದೇ ಇದೆಯೇ ಎಂದು ಅಂದೇ ನೋಡಿ. ಪಾಠದ ವಿಡಿಯೋಗಳನ್ನು ಮೊದಲೇ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇವೆ. ಹುಡುಗನ ಕೈಯಲ್ಲಿ ಕೀಪ್ಯಾಡ್ ಫೋನ್ ಸಾಕು.

ದುಡ್ಡಿನ ಲೆಕ್ಕ ಸಣ್ಣದು. ಕಲಿಯಲು ಖರ್ಚಿಲ್ಲ, ಪರೀಕ್ಷೆಗೆ ಕೋರ್ಸ್‌ಗೆ ಸಾವಿರ ರೂಪಾಯಿ, ಓಡಾಟ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯುತ್ತದೆ. ಆ ಸಾವಿರವನ್ನು ನಗದಾಗಿ ಕೈಗೆ ಕೊಡಬೇಡಿ, ಮನೆಯವರೇ ಆನ್‌ಲೈನ್‌ನಲ್ಲಿ ಕಟ್ಟಲಿ. ನಿಜವಾದ ಅಪಾಯ ಸ್ಕಾಲರ್‌ಶಿಪ್. ಅದು ಒಮ್ಮೆಲೇ ವಿದ್ಯಾರ್ಥಿಯ ಖಾತೆಗೆ ಬಂದು ಬೀಳುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್ಸೆಸ್ಪಿಯಲ್ಲಿ ಅರ್ಜಿ ಹಾಕುವಾಗಲೇ, ದುಡ್ಡು ಬಂದ ದಿನ ಏನು ಮಾಡಬೇಕು ಎಂಬುದನ್ನು ಅವನಿಂದಲೇ ಬರೆಸಿಕೊಳ್ಳಿ.

ಪೂರ್ತಿ ಕಾಲೇಜು ಬಿಟ್ಟವರಿಗೆ ಇಗ್ನೋ ಒಳ್ಳೆಯದು. ಜೂನ್‌ನಲ್ಲಿ ಬರೆಯಲಾಗದ ಪೇಪರ್ ಡಿಸೆಂಬರ್‌ನಲ್ಲಿ ಬರೆಯಬಹುದು, ಮೂರು ವರ್ಷದ ಬಿ.ಎ.ಗೆ ಆರು ವರ್ಷ ಕಾಲಾವಕಾಶ. ಅಸೈನ್‌ಮೆಂಟ್ ಕೈಯಲ್ಲೇ ಬರೆಯಬೇಕು. ಕೈ ನಡುಗುವವರಿಗೆ ಮೊದಲು ಕಷ್ಟ, ಆಮೇಲೆ ಅದೇ ಅವರ ಬೆಳಗಿನ ಅಭ್ಯಾಸವಾಗುತ್ತದೆ. ಹಳೇ ಸೆಷನ್‌ನ ಪ್ರಶ್ನೆಗಳಿಗೆ ಉತ್ತರ ಬರೆದು ಕೊಟ್ಟು ತಿರಸ್ಕೃತವಾದವು ಬಹಳ ನೋಡಿದ್ದೇನೆ.

ಗುಂಪು ಓದು ಪ್ರಯತ್ನಿಸಿದೆವು. ಚೇತರಿಕೆಯಲ್ಲಿರುವ ಮೂವರನ್ನು ಒಟ್ಟಿಗೆ ಕೂರಿಸಿದರೆ ಒಬ್ಬ ಜಾರಿದಾಗ ಉಳಿದಿಬ್ಬರೂ ಅಲುಗಿದರು. ಚಟದ ಹಿನ್ನೆಲೆಯಿಲ್ಲದ ಒಬ್ಬ ಸಹಪಾಠಿಯ ಜೊತೆ ಜೋಡಿ ಮಾಡುವುದೇ ಮೇಲು. ಎನ್‌ಪಿಟಿಇಎಲ್ ಪಾಠಗಳ ಕನ್ನಡ ಅನುವಾದವನ್ನೂ ಓದಿಸಿ ನೋಡಿದೆವು. ಅರ್ಥವಾಗಲು ಬಹಳ ಒಳ್ಳೆಯದು, ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ, ಆದ್ದರಿಂದ ಕೊನೆಯ ಎರಡು ವಾರ ಇಂಗ್ಲಿಷ್ ಪ್ರಶ್ನೆಗಳನ್ನೇ ಮಾಡಿಸಬೇಕು. ಡೈಸಲ್ಫಿರಾಂ (ಕುಡಿತ ಬಿಡಿಸಲು ಕೊಡುವ ಮಾತ್ರೆ, ಆಲ್ಕೋಹಾಲ್ ಸೇರಿದರೆ ಮೈಗಾಗುವುದಿಲ್ಲ) ತೆಗೆದುಕೊಳ್ಳುವ ಬಿ.ಎಸ್ಸಿ. ವಿದ್ಯಾರ್ಥಿಗೆ ಸ್ಪಿರಿಟ್ ಬಳಸುವ ಲ್ಯಾಬ್ ಇದ್ದರೆ ವೈದ್ಯರನ್ನು ಮೊದಲೇ ಕೇಳಿ, ಅದರ ಆವಿಯೂ ತೊಂದರೆ ಕೊಡಬಹುದು.

ಪರೀಕ್ಷಾ ಕೇಂದ್ರವಾಗಿ ಹಳೇ ಸ್ನೇಹಿತರಿರುವ ಊರನ್ನು ಎಂದೂ ಆರಿಸಬೇಡಿ. ಪರೀಕ್ಷೆಗೆ ಮುಂಚಿಗಿಂತ ಮುಗಿದ ಮೇಲಿನ ಆರೇಳು ಗಂಟೆ ಹೆಚ್ಚು ಅಪಾಯ. ಪೇಪರ್ ಚೆನ್ನಾಗಿ ಆದರೂ, ಕೆಟ್ಟರೂ ಕಾಲು ಒಂದೇ ಕಡೆ ಎಳೆಯುತ್ತದೆ. ಗೇಟಿನಲ್ಲಿ ಒಬ್ಬರು ಕಾದಿರಬೇಕು, ಊಟ ಮಾಡಿಸಬೇಕು, ಸಂಜೆ ಚಟ ಬಿಟ್ಟವರ ಮೀಟಿಂಗ್‌ಗೆ ಕರೆದೊಯ್ಯಬೇಕು. ರಾತ್ರಿಗೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್, ಇಪ್ಪತ್ನಾಲ್ಕು ಗಂಟೆಯೂ ಎತ್ತುತ್ತಾರೆ. ಸ್ಲಿಪ್ ಆದ ಮರುದಿನ ಹುಡುಗನ ಜೊತೆ ಹೇಗೆ ಮಾತು ಶುರು ಮಾಡುತ್ತೇವೆ ಎಂಬುದನ್ನು ಬರೆದು ಕಲಿಸಲಾಗದು. ನಮ್ಮಲ್ಲಿಗೆ ಬಂದರೆ ಪಕ್ಕದಲ್ಲಿ ಕೂರಿಸಿ ತೋರಿಸುತ್ತೇನೆ.

ಕಾಲೇಜಿನ ಹಾಜರಾತಿ ವಿನಾಯಿತಿಗೆ ಡಿಸ್ಚಾರ್ಜ್ ಸಮ್ಮರಿ ಕೊಡಬೇಡಿ. "ಇಂಥ ದಿನದಿಂದ ಇಂಥ ದಿನದವರೆಗೆ ಚಿಕಿತ್ಸೆಯಲ್ಲಿದ್ದರು, ಈಗ ತರಗತಿಗೆ ಹೋಗಲು ಸಮರ್ಥರು" ಎಂದಷ್ಟೇ ವೈದ್ಯರಿಂದ ಬರೆಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಡುತ್ತದೆ, ಮದ್ಯ ಮತ್ತು ಮಾದಕ ವಸ್ತುಗಳ ಸಮಸ್ಯೆಯೂ ಅದರ ವ್ಯಾಪ್ತಿಯಲ್ಲಿದೆ.

ಕ್ರೆಡಿಟ್ ವರ್ಗಾವಣೆಗೆ ಯುಜಿಸಿಯ 2021ರ ನಿಯಮ ಒಂದು ಸೆಮಿಸ್ಟರ್‌ನ ಶೇ. 40ರವರೆಗಿನ ಕೋರ್ಸ್‌ಗಳಿಗೆ ಅವಕಾಶ ಕೊಟ್ಟಿದ್ದರೂ, ಯಾವ ಪೇಪರ್ ಬದಲಿಗೆ ಯಾವ ಕೋರ್ಸ್ ಎಂದು ಒಪ್ಪಬೇಕಾದವರು ಕಾಲೇಜಿನವರೇ. ಸೆಮಿಸ್ಟರ್ ಶುರುವಾಗುವ ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕ್ರೆಡಿಟ್ ಎಬಿಸಿಯಲ್ಲಿ 7 ವರ್ಷದವರೆಗೆ ಉಳಿಯುತ್ತದೆ, ನಡುವೆ ಮತ್ತೆ ಅಡ್ಮಿಟ್ ಆದರೂ ಗಳಿಸಿದ್ದು ಹೋಗುವುದಿಲ್ಲ. ಫಲಿತಾಂಶ ಬಂದ ಮೇಲೆ ಸರ್ಟಿಫಿಕೇಟ್ ಪ್ರತಿ, ಒಪ್ಪಿಗೆ ಪತ್ರ, ಅರ್ಜಿ ಮೂರನ್ನೂ ಪರೀಕ್ಷಾ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಅಂಕಪಟ್ಟಿಯಲ್ಲಿ ಕ್ರೆಡಿಟ್ ಏರಿರದಿದ್ದರೆ ಕೇಳಲು ಇರುವ ಆಧಾರ ಆ ಮುದ್ರೆಯ ಪ್ರತಿ ಒಂದೇ.