ಅಸೀಲ್ ಹುಂಜದ ಜುಟ್ಟು ಪರೀಕ್ಷೆ: ನನ್ನ ಅನುಭವ

ಅಸೀಲ್ ಅಂದರೆ ಕಾಳಗದ ಕೋಳಿ ತಳಿ. ನನ್ನ ಅಸೀಲ್ ಗೂಡಿನಲ್ಲಿ ಈಗ ಒಂಟಿ ಜುಟ್ಟಿನ (ಗರಗಸದಂತೆ ನೆಟ್ಟಗೆ ನಿಂತ ಒಂದೇ ಸಾಲಿನ ಜುಟ್ಟು) ಮರಿ ಬರುವುದಿಲ್ಲ. ಎರಡು ವರ್ಷದ ಹಿಂದೆ ಹೀಗೆ ಹೇಳಿದ್ದರೆ ನಮ್ಮ ಚಿಂತಾಮಣಿ ಕಡೆಯ ಕೋಳಿಯವರು ಯಾರೂ ನಂಬುತ್ತಿರಲಿಲ್ಲ.

ಅಸೀಲ್ ಲಕ್ಷಣ ನಿಮಗೆ ಗೊತ್ತೇ ಇದೆ. ನೆಟ್ಟಗಿನ ನಿಲುವು, ಉದ್ದ ಕತ್ತು, ಮೈಗಂಟಿದ ಗಟ್ಟಿ ಪುಕ್ಕ, ಇಳಿಬಿದ್ದ ಬಾಲ, ಇದ್ದೂ ಇಲ್ಲದಂತಿರುವ ಗದ್ದದ ಜೋಲು, ತಲೆಗೆ ಒತ್ತಿಕೊಂಡ, ಮೂರು ಸಾಲಿನ ಗಿಡ್ಡ ಬಟಾಣಿ ಜುಟ್ಟು. ಹುಂಜ ನಾಲ್ಕು ಕೆಜಿ ದಾಟಬೇಕು. ಗಡಿಯಾಚೆಯಿಂದ ತಂದ ನನ್ನ ಹುಂಜಗಳಿಗೆ ಇದೆಲ್ಲಾ ಇತ್ತು. ಒಂದೊಂದಕ್ಕೆ ಹತ್ತಿರ ಹತ್ತಿರ ಏಳು ಸಾವಿರ ಕೊಟ್ಟೆ. ಆದರೂ ಪ್ರತಿ ಸಲ ಮರಿ ಮಾಡಿಸಿದಾಗ ನಾಲ್ಕಾರು ಒಂಟಿ ಜುಟ್ಟಿನವು ಬರುತ್ತಿದ್ದವು. ಜೋಡಿಗೆ ಎರಡು ಸಾವಿರ ಸಿಗಬೇಕಾದ ಮರಿಗಳು ನಾಟಿ ಲೆಕ್ಕದಲ್ಲಿ ಹೋದವು. ಒಂದೇ ವರ್ಷದಲ್ಲಿ ಮೂವತ್ತು ಸಾವಿರದ ಮೇಲೆ ಕೈಬಿಟ್ಟಿತು. ಮಾರಿದವರನ್ನು ಕೇಳಿದರೆ, "ನಿಮ್ಮ ಹೇಂಟೆ ಸರಿ ಇಲ್ಲ" ಅಂದರು.

ಬಟಾಣಿ ಜುಟ್ಟು ಒಂಟಿ ಜುಟ್ಟನ್ನು ಮುಚ್ಚಿಹಾಕುತ್ತದೆ. ಹುಂಜದ ತಲೆ ನೋಡಿ ಒಳಗೇನಿದೆ ಎಂದು ಖಾತ್ರಿಯಾಗಿ ಹೇಳಲು ಆಗುವುದಿಲ್ಲ. ಬೆರಕೆಯದಾದರೆ, ಅಂದರೆ ಒಂಟಿ ಜುಟ್ಟಿನ ಗುಣ ಒಳಗೆ ಅಡಗಿದ್ದರೆ, ಜುಟ್ಟು ಸ್ವಲ್ಪ ಎತ್ತರ, ನಡುವಿನ ಸಾಲು ಅಂಕುಡೊಂಕು. ಇದು ಬರೀ ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲದು.

ಅದಕ್ಕೇ ಹುಂಜದ ಜೊತೆ ಬಿಟ್ಟು ಮರಿ ನೋಡೋಣ ಅಂತ ಲೇಯರ್ (ಮೊಟ್ಟೆ ಕೋಳಿ) ಫಾರಂನಿಂದ ಮುದಿ ಬಿಳಿ ಹೇಂಟೆಗಳನ್ನು ತಂದೆ. ತಲಾ ನೂರಿಪ್ಪತ್ತು ರೂಪಾಯಿ ಇರಬೇಕು. ಶುದ್ಧ ಒಂಟಿ ಜುಟ್ಟು, ಮೊಟ್ಟೆಗೂ ಮೋಸ ಇಲ್ಲ. ಅಸೀಲ್ ಹೇಂಟೆ ಒಂದು ಸರದಿಗೆ ಹತ್ತು-ಹನ್ನೆರಡು ಇಟ್ಟು ಕಾವಿಗೆ ಕೂರುತ್ತದೆ. ಇವು ನಾಲ್ಕಿದ್ದರೆ ವಾರದಲ್ಲಿ ಹದಿನೈದು ಮೊಟ್ಟೆ. ಏಳು ಸಾವಿರದ ಹುಂಜಕ್ಕೆ ನೂರಿಪ್ಪತ್ತರ ಹೇಂಟೆ ಅಂತ ಎಲ್ಲರೂ ನಕ್ಕರು. ಹುಂಜದ ತಳಿಯೇ ಕೆಡುತ್ತದೆ ಅಂತ ಒಬ್ಬರು ಹೆದರಿಸಿದರು. ಹುಂಜ ಯಾವ ಹೇಂಟೆ ಜೊತೆ ಸೇರಿದರೂ ಅದರ ರಕ್ತ ಬದಲಾಗುವುದಿಲ್ಲ, ಅಲ್ವಾ?

ಲೆಕ್ಕ ಸುಲಭ. ಹುಂಜ ಬೆರಕೆಯಾದರೆ ಅರ್ಧದಷ್ಟು ಮರಿ ಒಂಟಿ ಜುಟ್ಟಿನವು. ಒಂದೇ ಒಂದು ಕಂಡರೂ ಆ ಹುಂಜ ಸಂತೆಗೆ. ಹತ್ತಕ್ಕೆ ಹತ್ತೂ ಬಟಾಣಿ ಬಂದರೆ ಮೋಸಹೋಗುವ ಸಾಧ್ಯತೆ ಸಾವಿರಕ್ಕೆ ಒಂದು. ನಾನು ಹನ್ನೆರಡು ನೋಡುತ್ತೇನೆ. ಬೆಳೆಸುವ ಖರ್ಚೂ ಇಲ್ಲ, ಮೊಟ್ಟೆಯೊಡೆದ ದಿನವೇ ಲೆನ್ಸ್ ಹಿಡಿದರೆ ಗೊತ್ತಾಗುತ್ತದೆ. ಒಂಟಿಯಾದರೆ ತೆಳು ಗೆರೆಯೊಂದೇ. ಬಟಾಣಿಯಾದರೆ ಅಗಲ ಪಟ್ಟಿ, ಅದರಲ್ಲಿ ಮೂರು ಸಾಲು. ಒದ್ದೆ ಮರಿಯಲ್ಲೂ ಇದನ್ನು ತಪ್ಪದೆ ಗುರುತಿಸುವ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಒಮ್ಮೆ ಇಡೀ ಬ್ಯಾಚ್ ಹಾಳಾಯಿತು. ಪಕ್ಕದ ತೋಟದ ನಾಟಿ ಹುಂಜ ಬೇಲಿ ಹಾರಿ ಬಂದಿತ್ತು. ಮೊಟ್ಟೆ, ಕರೆಂಟು, ಒಂದು ತಿಂಗಳು ಎಲ್ಲಾ ಹೋಯಿತು. ಆಮೇಲೆ ಮೇಲೂ ಬಲೆ ಹಾಕಿಸಿದೆ, ನಾಲ್ಕು ಸಾವಿರ ಆಯಿತು. ಇನ್ನೊಂದು ಮಾತು. ಹುಂಜ ಬದಲಿಸಿದ ಮೇಲೆ ಮೂರು ವಾರ ಮೊಟ್ಟೆ ಕೂಡಿಡಬೇಡಿ. ಹಳೆಯ ಹುಂಜದ ಬೀಜ ಹೇಂಟೆಯೊಳಗೆ ಉಳಿದಿರುತ್ತದೆ.

ನಡುವೆ ಸುಮ್ನೆ ಕುತೂಹಲಕ್ಕೆ, ಚರ್ಮ ಮಾಂಸವೆಲ್ಲಾ ಕಪ್ಪಾಗಿರುವ ತಳಿಯಾದ ಕಡಕ್‌ನಾಥ್ ಹೇಂಟೆಗಳನ್ನೂ ಬಿಟ್ಟೆ. ಅವೂ ಒಂಟಿ ಜುಟ್ಟಿನವೇ. ಹಳದಿ ಕಾಲಿನ ಅಸೀಲ್ ಹುಂಜಕ್ಕೆ ಹುಟ್ಟಿದ ಮರಿಗಳಲ್ಲಿ ಕಪ್ಪು ಮಂಕಾಯಿತು. ತಿರುಗಿಸಿ ಕಡಕ್‌ನಾಥ್ ಹುಂಜಕ್ಕೆ ಅಸೀಲ್ ಹೇಂಟೆ ಕೊಟ್ಟಾಗ ಹೇಂಟೆ ಮರಿಗಳು ಕಪ್ಪಾದವು, ಹುಂಜ ಮರಿಗಳು ತಿಳಿಯಾಗಿಯೇ ಉಳಿದವು. ಬಣ್ಣದಲ್ಲೇ ಗಂಡು ಹೆಣ್ಣು ಗೊತ್ತಾಗುವುದರಿಂದ ಮಾರಾಟಕ್ಕೆ ಇದು ಚೆನ್ನಾಗಿ ಆಗಬಹುದು. ಗುಲಾಬಿ ಜುಟ್ಟಿನ ನಾಟಿ ಹುಂಜವನ್ನೂ ಅಸೀಲ್ ಹೇಂಟೆಗೆ ಹಾಕಿ ನೋಡಿದೆ. ವಾಲ್‌ನಟ್ ಜುಟ್ಟು (ಅಕ್ರೋಟಿನಂತೆ ಸುಕ್ಕುಸುಕ್ಕಾದ ಉಬ್ಬು) ಬಂತು, ಅಂದವಾಗಿತ್ತು, ಕೊಳ್ಳುವವರು ಸಿಗಲಿಲ್ಲ.

ಆರೇಳು ಹುಂಜಗಳಲ್ಲಿ ಮೂರು ಪಾಸಾದವು. ಪರೀಕ್ಷೆಗೆ ಹುಂಜವೊಂದಕ್ಕೆ ಸಾವಿರದೊಳಗೆ ಖರ್ಚು. ಪಾಸಾದ ಹುಂಜ ಈಗ ಹನ್ನೆರಡು ಸಾವಿರಕ್ಕೆ ಹೋಗುತ್ತದೆ, ಅಂದು ನಕ್ಕವರೇ ಮುಂಗಡ ಕೊಟ್ಟಿದ್ದಾರೆ. ಹುಂಜ ಶುದ್ಧವಾದ್ದರಿಂದ ಮರಿಗಳಲ್ಲಿ ಕಾಣದಿದ್ದರೂ ಹೇಂಟೆಗಳಲ್ಲಿ ಒಂಟಿ ಜುಟ್ಟು ಇನ್ನೂ ಅಡಗಿರಬಹುದು, ಆದ್ದರಿಂದ ಅವುಗಳ ಗಂಡು ಮರಿಗಳನ್ನು ತಳಿಗೆ ಬಿಡುವ ಮುಂಚೆ ಮತ್ತೆ ಲೇಯರ್ ಹೇಂಟೆಗಳ ಜೊತೆ ಹಾಕುತ್ತೇನೆ.